ಸೇತುವೆ ತೆರೆದಿದೆ, ಗಡಿ?

ಡಿಸೆಂಬರ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಸ್ವೀಡನ್ನಿನ ಮಾಲ್ಮೊಗೆ ಹೋಗಿ ಅಂದೇ ಮರಳುವ ಪ್ರವಾಸ ಯೋಜಿಸುವಾಗ ನಾನು ಮೊದಲು ಲೆಕ್ಕ ಹಾಕಿದ್ದು ಹಗಲನ್ನು. ಅಲ್ಲಿ ಆಗ ಬೆಳಕಿರುವುದು ಸುಮಾರು 7 ಗಂಟೆ. ಎರಡನೆಯದು ಪಾಸ್‌ಪೋರ್ಟ್. 2000ರಲ್ಲಿ ತೆರೆದ ಓರೆಸುಂಡ್ ಸೇತುವೆಯ ಮೇಲೆ ರೈಲು ಪ್ರಯಾಣ ಸುಮಾರು 40 ನಿಮಿಷ. ನಾರ್ಡಿಕ್ ದೇಶಗಳು ತಮ್ಮ ಪ್ರಜೆಗಳಿಗೆ ಪಾಸ್‌ಪೋರ್ಟ್‌ರಹಿತ ಸಂಚಾರ ಕಲ್ಪಿಸಿದ್ದು 1950ರ ದಶಕದಲ್ಲೇ. ಆದರೆ 2015ರ ನವೆಂಬರ್‌ನಲ್ಲಿ, ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬಂದಾಗ, ಸ್ವೀಡನ್ ಗಡಿ ತಪಾಸಣೆಯನ್ನು ತಾತ್ಕಾಲಿಕವೆಂದು ಆರಂಭಿಸಿತು. ಬಳಿಕ ಮತ್ತೆ ಮತ್ತೆ ವಿಸ್ತರಿಸಿತು.

ಭದ್ರತೆಯ ಕಾಳಜಿಯನ್ನು ಅಲ್ಲಗಳೆಯಲಾಗದು. ಆದರೆ ಪ್ರವಾಸಿಗನಿಗೆ ಒಂದು ದಿನದ ತೊಡಕಾಗಿರುವುದು, ಗಡಿ ದಾಟಿ ದುಡಿಯುವ ಸಾವಿರಾರು ಜನರಿಗೆ ನಿತ್ಯದ ಹೊರೆ. ತಾತ್ಕಾಲಿಕ ಕ್ರಮವನ್ನು ವಿಸ್ತರಿಸುವ ಯಾವುದೇ ಸರ್ಕಾರ ಪ್ರತಿ ಬಾರಿಯೂ ಅದರ ಅಗತ್ಯವನ್ನು ಜನರೆದುರು ಸಾಬೀತುಪಡಿಸಬೇಕು.