ಕಿರಿಯ ಕ್ಯಾಮೆರಾಕ್ಕೆ ತಕ್ಕ ಮ್ಯಾಕ್ರೋ ಮಸೂರ

ಶ್ರೀಗಂಧದ ಕಾವಲಿನಲ್ಲಿ ಗಂಧವೂ ಕಾವಲೂ ಈಗ ಹೆಸರಿನಲ್ಲಿ ಮಾತ್ರ ಉಳಿದು, ನೆಲದ ಮೇಲೆ ಮನೆಗಳ ಸಾಲುಗಳೆದ್ದಿವೆ. ಆದರೂ ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡವಿದ್ದರೆ ಸೃಷ್ಟಿಯ ವೈಚಿತ್ರ್ಯವನ್ನು ನೋಡಲು ಅರಣ್ಯಕ್ಕೆ ಹೋಗಬೇಕಾದುದಿಲ್ಲ. ಕಾಮನ್ ಮಾರ್ಮನ್ ಎಂಬ ಕರಿಯ ಚಿಟ್ಟೆಯು ಅದರ ಎಲೆಗಳಲ್ಲಿ ಮೊಟ್ಟೆಯಿಡುವುದು. ಅದರ ಮರಿಹುಳುವು ಎಳೆತನದಲ್ಲಿ ಹಕ್ಕಿಯ ಹಿಕ್ಕೆಯಂತೆಯೂ, ಬಲಿತ ಮೇಲೆ ಎಲೆಯ ಹಸುರಿನಂತೆಯೂ ತೋರಿ ಶತ್ರುಗಳ ಕಣ್ಣನ್ನು ವಂಚಿಸುವುದು. ಇದನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆ ಮನೆಯ ಮಕ್ಕಳಿಗೆ ಹುಟ್ಟಿದರೆ ನಾವು ಸಂತೋಷಪಡತಕ್ಕದ್ದೇ. ಮಿರರ್‌ಲೆಸ್ ಎಂದು ಕರೆಯುವ, ಒಳಗೆ ಕನ್ನಡಿಯಿಲ್ಲದ ಕಿರಿಯ ಕ್ಯಾಮೆರಾ ಮನೆಯಲ್ಲಿದ್ದರೆ ಅದಕ್ಕೆ ಎಷ್ಟು ಸಂಗಮದೂರದ ಮ್ಯಾಕ್ರೋ ಮಸೂರವನ್ನು ಕೊಳ್ಳಬೇಕು? ಗೃಹಸ್ಥನ ಹಣದ ಮಾತಾದುದರಿಂದ ಇದನ್ನು ಕೊಂಚ ವಿಚಾರಿಸೋಣ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಸಂಗಮದೂರ ಹೆಚ್ಚಿದಷ್ಟೂ ಹುಳು ದೊಡ್ಡದಾಗಿ ಕಾಣುವುದೆಂದು ಅನೇಕರು ತಿಳಿದಿರುವರು. ಮ್ಯಾಕ್ರೋ ಮಸೂರಗಳ ವಿಷಯದಲ್ಲಿ ಹಾಗಲ್ಲ. ಮೈಕ್ರೋ ಫೋರ್ ಥರ್ಡ್ಸ್ ವರ್ಗದ ಕ್ಯಾಮೆರಾಗಳಿಗೆ 30, 45, 60 ಮಿಲಿಮೀಟರಿನ ಮ್ಯಾಕ್ರೋ ಮಸೂರಗಳುಂಟು. ಮೂರೂ ವಸ್ತುವನ್ನು ಅದರ ನಿಜವಾದ ಅಳತೆಯಲ್ಲಿಯೇ ಸೆನ್ಸಾರಿನ ಮೇಲೆ ಮೂಡಿಸಬಲ್ಲವು. ಆ ಸೆನ್ಸಾರಿನ ಅಗಲ 17.3 ಮಿಲಿಮೀಟರು, ಅಷ್ಟು ಉದ್ದದ ಹುಳು ಚಿತ್ರದ ಅಗಲವನ್ನೆಲ್ಲ ತುಂಬುವುದು.

ಹಾಗಾದರೆ ಭೇದವೆಲ್ಲಿ? ಮಸೂರದ ಮೂತಿಗೂ ಹುಳುವಿಗೂ ನಡುವೆ ಉಳಿಯುವ ಅಂತರದಲ್ಲಿ. ಒಲಿಂಪಸ್ ಕಂಪೆನಿಯು 2016ರಲ್ಲಿ ತಂದ 30 ಮಿಲಿಮೀಟರಿನ ಮಸೂರಕ್ಕೆ ಕನಿಷ್ಠ ದೂರ 9.5 ಸೆಂಟಿಮೀಟರ್ ಎಂದು ಹೇಳಿದೆ. ಈ ದೂರವನ್ನು ಅಳೆಯುವುದು ಮಸೂರದ ತುದಿಯಿಂದಲ್ಲ, ಒಳಗಿನ ಸೆನ್ಸಾರಿನಿಂದ. ಮಸೂರದ ಉದ್ದವನ್ನೂ ಅದರ ಹಿಂದಿನ ಜಾಗವನ್ನೂ ಕಳೆದರೆ ಉಳಿಯುವುದು ಸುಮಾರು ಒಂದೂವರೆ ಸೆಂಟಿಮೀಟರ್ ಮಾತ್ರ. ಅದೇ ಕಂಪೆನಿಯ 2012ರ 60 ಮಿಲಿಮೀಟರಿನ ಮಸೂರಕ್ಕೆ ಕನಿಷ್ಠ ದೂರ 19 ಸೆಂಟಿಮೀಟರ್. ಲೆಕ್ಕ ಕಳೆದು ಉಳಿಯುವುದು ಸುಮಾರು ಒಂಬತ್ತು.

ಬೆರಳಗಲದ ಅಂತರಕ್ಕೆ ಹೋದರೆ ಮಸೂರದ ನೆರಳೇ ಹುಳುವಿನ ಮೇಲೆ ಬಿದ್ದು ಬೆಳಕು ಕೆಡುವುದು. ಎಲೆಯು ಅಲುಗಿದರೆ ಈ ಮರಿಹುಳುವು ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥ ಅಂಗವನ್ನು ಹೊರಚಾಚಿ ತೀಕ್ಷ್ಣವಾದ ವಾಸನೆಯನ್ನು ಬಿಡುವುದು. ಅದು ಹುಳುವಿನ ಆತ್ಮರಕ್ಷಣೆಯ ಉಪಾಯ. ಅದನ್ನು ಪದೇ ಪದೇ ಹೆದರಿಸಿ ತೆಗೆದ ಚಿತ್ರದಲ್ಲಿ ಅದರ ಸಹಜವಾದ ಬಾಳು ಕಾಣದು. ಜೇಡ, ಇರುವೆ, ಏರೋಪ್ಲೇನ್ ಚಿಟ್ಟೆಗಳೂ ಇಷ್ಟು ಸಾಮೀಪ್ಯವನ್ನು ಸಹಿಸವು.

ಉದ್ದ ಮಸೂರದಿಂದ ಎಲ್ಲವೂ ಸಾಧಿಸುವುದೆಂದೂ ಭಾವಿಸಬಾರದು. ಬಿಂಬದ ಅಳತೆಯೂ ರಂಧ್ರದ ಸಂಖ್ಯೆಯೂ ಒಂದೇ ಆದರೆ ಚಿತ್ರ ಸ್ಪಷ್ಟವಾಗಿರುವ ಆಳವು ಯಾವ ಮಸೂರದಲ್ಲಿಯೂ ಬಹುಮಟ್ಟಿಗೆ ಒಂದೇ. ನಿಜವಾದ ಅಳತೆಯಲ್ಲಿ, ಎಫ್ 8ರಲ್ಲಿ, ಅದು ಸುಮಾರು ಅರ್ಧ ಮಿಲಿಮೀಟರು. ಕೈ ನಡುಗದಿರುವುದೂ ಗಾಳಿಯಿಲ್ಲದ ಬೆಳಗಿನ ಹೊತ್ತೂ ಇಲ್ಲಿ ಮಸೂರದಷ್ಟೇ ಮುಖ್ಯ.

ಇನ್ನು ನಿರ್ಣಯ. ಅಜ್ಜಿಯ ಕಾಲದ ನಾಣ್ಯ, ಅಂಚೆಚೀಟಿ, ಓಲೆಗರಿ, ಒಣಗಿದ ಹೂವು ಮೊದಲಾದ ಅಲುಗದ ವಸ್ತುಗಳಿಗೆ 30 ಮಿಲಿಮೀಟರು ಧಾರಾಳವಾಗಿ ಸಾಕು. ತೂಕವೂ 128 ಗ್ರಾಂ ಮಾತ್ರ. ಜೀವಂತ ಹುಳುಗಳೇ ಗುರಿಯಾದರೆ 60 ಮಿಲಿಮೀಟರೇ ಯುಕ್ತ. ಅದರ ತೂಕ 185 ಗ್ರಾಂ, ಮಕ್ಕಳ ಕೈಗೂ ಭಾರವಲ್ಲ. 2023ರಲ್ಲಿ ಬಂದ 90 ಮಿಲಿಮೀಟರಿನದು ಎರಡು ಪಟ್ಟು ಹಿಗ್ಗಿಸಬಲ್ಲುದಾದರೂ 453 ಗ್ರಾಂ ತೂಗುವುದು. ಮೊದಲ ಮಸೂರವಾಗಿ ಅದು ಮನೆಗೆ ಅನಾವಶ್ಯಕ. ಎರಡರಲ್ಲಿ ಯಾವುದೆಂಬ ಸಂಶಯವಿರುವವರು ಒಂದು ಅಳತೆಪಟ್ಟಿಯನ್ನು ಹಿಡಿದು ಕರಿಬೇವಿನ ಗಿಡದ ಬಳಿಗೆ ಹೋಗಲಿ. ಹುಳುವಿನಿಂದ ಒಂದೂವರೆ ಸೆಂಟಿಮೀಟರು, ಒಂಬತ್ತು ಸೆಂಟಿಮೀಟರು ಎಂದರೆ ಎಷ್ಟೆಂಬುದನ್ನು ಕಣ್ಣಾರೆ ಕಂಡು, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಲಿ.