ಚೌಕಟ್ಟು ಮತ್ತು ಆಶಯ

ಕಣ್ಣು ಎಲ್ಲರಿಗೂ ಉಂಟು. ಕಾಣುವ ಶಕ್ತಿ ಅಭ್ಯಾಸದಿಂದ ಬರತಕ್ಕದ್ದು. ಈ ಮಾತಿಗೆ ಛಾಯಾಚಿತ್ರಕಲೆಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಇಂದು ಮನೆಮನೆಯಲ್ಲಿಯೂ ಮೊಬೈಲ್ ಫೋನ್ ಇದೆ, ಅದರೊಳಗೊಂದು ಕ್ಯಾಮೆರಾ ಇದೆ. ತೊಟ್ಟಿಲ ಮಗುವಿನಿಂದ ಹಿಡಿದು ಜಾತ್ರೆಯ ತೇರಿನವರೆಗೆ ಎಲ್ಲವೂ ಕ್ಷಣಾರ್ಧದಲ್ಲಿ ಚಿತ್ರವಾಗುತ್ತವೆ. ಹೀಗಿರುವಾಗ ಮನೆಯ ಮಗನೋ ಮಗಳೋ ಫೋಟೋಗ್ರಫಿ ಕಲಿಯಲು ಹೊರಟರೆ, "ಗುಂಡಿ ಒತ್ತುವುದಕ್ಕೆ ವರುಷಗಟ್ಟಲೆ ಓದೇಕೆ?" ಎಂದು ಹಿರಿಯರು ಕೇಳುವುದು ಸಹಜವೇ ಆಗಿದೆ. ಈ ಪ್ರಶ್ನೆಯನ್ನು ಅಜ್ಞಾನದ ಮಾತೆಂದು ತಳ್ಳಿಹಾಕಬಾರದು. ಅದಕ್ಕೆ ಸಮಾಧಾನ ಹೇಳುವುದು ಈ ಸಲದ ಲೇಖನದ ಉದ್ದೇಶ.

ಯಂತ್ರವನ್ನು ನಡೆಸುವ ವಿದ್ಯೆಯನ್ನು ಚುರುಕಾದ ಹುಡುಗ ಕೆಲವೇ ತಿಂಗಳುಗಳಲ್ಲಿ ಕಲಿತುಬಿಡುತ್ತಾನೆ. ಬೆಳಕು ಎಷ್ಟು ಬೇಕು, ಯಾವ ಲೆನ್ಸು ಯಾವುದಕ್ಕೆ ತಕ್ಕುದು ಎಂಬುದು ಲೆಕ್ಕದ ಮಾತು. ಕಾಲ ಬೇಡುವ ಸಂಗತಿಗಳು ಎರಡು: ಒಂದು ಸಂಯೋಜನೆ, ಇನ್ನೊಂದು ಆಶಯ. ಚೌಕಟ್ಟಿನೊಳಗೆ ಏನು ಎಲ್ಲಿರಬೇಕು ಎಂಬ ವಿವೇಕವೇ ಸಂಯೋಜನೆ. ಈ ಚಿತ್ರವನ್ನು ನಾನೇಕೆ ತೆಗೆಯುತ್ತಿದ್ದೇನೆ ಎಂಬ ಅರಿವೇ ಆಶಯ. ಚಿತ್ರಕಾರನು ಬರಿಯ ಹಾಳೆಯ ಮುಂದೆ ಕುಳಿತು ಬೇಕಾದುದನ್ನು ಒಂದೊಂದಾಗಿ ಕೂಡಿಸುತ್ತ ಹೋಗುತ್ತಾನೆ. ಛಾಯಾಗ್ರಾಹಕನ ಮುಂದಾದರೋ ಜಗತ್ತು ತುಂಬಿ ತುಳುಕುತ್ತ ನಿಂತಿದೆ. ಅವನ ಕೆಲಸ ಕಳೆಯುವುದು. ಆದರೆ ಏನನ್ನು ಕಳೆಯಬೇಕೆಂದು ತಿಳಿಯಬೇಕಾದರೆ ಏನನ್ನು ಉಳಿಸಬೇಕೆಂದು ಮೊದಲು ತಿಳಿದಿರಬೇಕಷ್ಟೆ. ಆದುದರಿಂದ ಆಶಯವಿಲ್ಲದ ಸಂಯೋಜನೆ ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಈ ಎರಡೂ ಒಬ್ಬ ವಿದ್ಯಾರ್ಥಿಯಲ್ಲಿ ಹೇಗೆ ಬೆಳೆದುವು, ಬೆಳೆದ ಮೇಲೆ ಅವು ಯಾವ ಹೊಣೆಯನ್ನು ತಂದೊಡ್ಡಿದುವು ಎಂಬುದಕ್ಕೆ ಅಮೆರಿಕೆಯ ಡೊರೊಥಿಯಾ ಲ್ಯಾಂಗ್ ಅವರ ಜೀವನ ಒಳ್ಳೆಯ ಪಾಠ. ೧೮೯೫ರಲ್ಲಿ ಹುಟ್ಟಿದ ಈಕೆ, ಸ್ವಂತ ಕ್ಯಾಮೆರಾ ಇಲ್ಲದಿದ್ದ ಕಾಲದಲ್ಲಿಯೇ ತಾನು ಛಾಯಾಗ್ರಾಹಕಿಯಾಗುವೆನೆಂದು ನಿಶ್ಚಯಿಸಿದವರು. ಸ್ಟುಡಿಯೋಗಳಲ್ಲಿ ಸಹಾಯಕಿಯಾಗಿ ದುಡಿದು, ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ವೈಟ್ ಎಂಬ ಗುರುವಿನ ತರಗತಿಗೆ ಸೇರಿದರು. ವೈಟ್ ಮೃದುಸ್ವಭಾವದವರು, ಮಿತಭಾಷಿಗಳು. ತಮ್ಮ ಶೈಲಿಯನ್ನು ಶಿಷ್ಯರ ಮೇಲೆ ಹೇರದೆ ಅವರವರ ದೃಷ್ಟಿ ಅರಳುವಂತೆ ಮಾಡುತ್ತಿದ್ದವರು.

ವೈಟ್ ಅವರನ್ನು ಆ ವಿಶ್ವವಿದ್ಯಾಲಯಕ್ಕೆ ಕರೆತಂದವರು ಆರ್ಥರ್ ವೆಸ್ಲಿ ಡೌ ಎಂಬ ಕಲಾಚಾರ್ಯರು. ೧೮೯೯ರಲ್ಲಿ ಪ್ರಕಟವಾದ ಡೌ ಅವರ ಗ್ರಂಥದ ಹೆಸರೇ 'ಸಂಯೋಜನೆ' ಎಂಬರ್ಥದ್ದು. ಕಣ್ಣಿಗೆ ಕಂಡುದನ್ನು ನಕಲು ಮಾಡುವುದರಿಂದ ಕಲೆಯ ಶಿಕ್ಷಣವನ್ನು ಆರಂಭಿಸಬಾರದು, ಬರಿದಾದ ಆಯವನ್ನು ಅಂದವಾಗಿ ವಿಭಾಗಿಸುವುದರಿಂದ ಆರಂಭಿಸಬೇಕು ಎಂಬುದು ಅವರ ಮತ. ರೇಖೆ, ನೆಳಲು ಬೆಳಕುಗಳ ಹಂಚಿಕೆ, ವರ್ಣ, ಈ ಮೂರೇ ಅವರ ಪಾಠದ ಅಂಗಗಳು. ನೆಳಲು ಬೆಳಕುಗಳ ಹಂಚಿಕೆಗೆ ಅವರು 'ನೋತಾನ್' ಎಂಬ ಜಪಾನೀ ಶಬ್ದವನ್ನೇ ಬಳಸಿದರು. ಒಂದೇ ದೃಶ್ಯವನ್ನು ಒಮ್ಮೆ ಅಗಲವಾದ, ಒಮ್ಮೆ ಎತ್ತರವಾದ, ಒಮ್ಮೆ ಚಚ್ಚೌಕವಾದ ಚೌಕಟ್ಟಿನಲ್ಲಿ ಹೊಂದಿಸಿ ನೋಡುವುದು ಅವರ ಅಭ್ಯಾಸಪಾಠಗಳಲ್ಲೊಂದು.

ಈ ಪಾಠಕ್ಕೆ ಬೆಲೆಬಾಳುವ ಯಂತ್ರ ಬೇಕಿಲ್ಲ. ಹಳೆಯ ಲಗ್ನಪತ್ರಿಕೆಯೊಂದರ ನಡುವೆ ಬೆಂಕಿಪೆಟ್ಟಿಗೆಯಷ್ಟು ಕಿಂಡಿ ಕತ್ತರಿಸಿ, ಅದರ ಮೂಲಕ ಮನೆಯ ಅಂಗಳವನ್ನು ನೋಡಿದರೆ ಸಾಕು. ಕಿಂಡಿಯನ್ನು ಕಣ್ಣಿಗೆ ಹತ್ತಿರ ತಂದಾಗ ಅಂಗಳವೆಲ್ಲ ಕಾಣುತ್ತದೆ. ದೂರ ಹಿಡಿದಾಗ ಅಕ್ಕಿ ಆರಿಸುತ್ತಿರುವ ಅಜ್ಜಿಯ ಕೈಗಳಷ್ಟೇ ಉಳಿಯುತ್ತವೆ. ಮೊದಲನೆಯದು ಮನೆಯ ವಿಷಯ, ಎರಡನೆಯದು ದುಡಿಮೆಯ ವಿಷಯ. ವಸ್ತು ಒಂದೇ ಆದರೂ ಚೌಕಟ್ಟು ಬದಲಾದೊಡನೆ ಅರ್ಥ ಬದಲಾಯಿತು. ಮೊಬೈಲಿನ ಪರದೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಮೂಡಿಸಿ, ಅವು ಕೂಡುವಲ್ಲಿ ಮುಖ್ಯವಸ್ತುವನ್ನಿಡಬೇಕೆಂದು ಹೇಳುವ ನಿಯಮವೊಂದುಂಟು. ಕಲಿಯುವವನಿಗೆ ಅದು ಊರುಗೋಲಿನಂತೆ ಉಪಕಾರಿ. ಆದರೆ ಊರುಗೋಲು ದಾರಿಯನ್ನು ತೋರಿಸಲಾರದು.

ಲ್ಯಾಂಗ್ ಅವರು ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ವಂತ ಸ್ಟುಡಿಯೋ ತೆರೆದು, ಸಿರಿವಂತರ ಭಾವಚಿತ್ರ ತೆಗೆಯುತ್ತ ಹೆಸರಾದರು. ೧೯೨೯ರ ಆರ್ಥಿಕ ಕುಸಿತದ ಬಳಿಕ ಅವರ ಕಿಟಕಿಯ ಹೊರಗೆ ನಿರುದ್ಯೋಗಿಗಳು ಗುರಿಯಿಲ್ಲದೆ ಅಲೆಯತೊಡಗಿದರು. ಒಳಗೆ ತೆಗೆಯುವ ಚಿತ್ರಕ್ಕೂ ಹೊರಗೆ ಕಾಣುವ ಲೋಕಕ್ಕೂ ಇದ್ದ ಅಂತರ ಅವರನ್ನು ಬಾಧಿಸಿತು. ೧೯೩೩ರಲ್ಲಿ ಅವರು ಕ್ಯಾಮೆರಾ ಹಿಡಿದು ಬೀದಿಗಿಳಿದರು. ಧರ್ಮಾರ್ಥ ಆಹಾರಕ್ಕಾಗಿ ಜನ ಕಿಕ್ಕಿರಿದು ನಿಂತಿದ್ದ ಕಡೆ, ಎಲ್ಲರಿಗೂ ಬೆನ್ನು ತಿರುಗಿಸಿ, ಮರದ ಅಡ್ಡಗಂಬಕ್ಕೆ ಒರಗಿ, ತೋಳುಗಳ ನಡುವೆ ತಗಡಿನ ಡಬ್ಬಿಯೊಂದನ್ನಿಟ್ಟುಕೊಂಡು ಕೈ ಜೋಡಿಸಿ ನಿಂತ ಮುದುಕನೊಬ್ಬನ ಚಿತ್ರವನ್ನು ತೆಗೆದರು. ಟೋಪಿಯ ಅಂಚು ಅವನ ಕಣ್ಣನ್ನು ಮರೆಮಾಡಿದೆ. ನೂರು ಜನರ ಹಸಿವನ್ನು ತೋರಿಸುವುದಕ್ಕೆ ಒಬ್ಬನೇ ಸಾಕಾದನು. ಗುರುಕುಲದಲ್ಲಿ ಕಲಿತ ನೆಳಲು ಬೆಳಕಿನ ಹಂಚಿಕೆಗೆ ಅಂದು ಒಂದು ಆಶಯ ದೊರೆಯಿತು.

ಅವರ ಹೆಸರನ್ನು ಜಗತ್ತಿಗೆ ಸಾರಿದ ಚಿತ್ರ ಇದಾದ ಮೂರು ವರುಷಕ್ಕೆ, ೧೯೩೬ರ ಮಾರ್ಚ್ ತಿಂಗಳಲ್ಲಿ ಮೂಡಿತು. ಆಗ ಅವರು ಸರ್ಕಾರದ ಪುನರ್ವಸತಿ ಇಲಾಖೆಗಾಗಿ ಬಡ ಒಕ್ಕಲುಮಕ್ಕಳ, ವಲಸೆ ಕೂಲಿಗಳ ಬಾಳನ್ನು ಚಿತ್ರಿಸುತ್ತಿದ್ದರು. ತಿಂಗಳ ಕೆಲಸ ಮುಗಿಸಿ ಮಳೆಯಲ್ಲಿ ಮನೆಗೆ ಮರಳುತ್ತಿದ್ದಾಗ, ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿ ಬಿಡಿಸುವ ಕೂಲಿಕಾರರ ಬೀಡಿನ ಫಲಕ ಕಂಡಿತು. ಅದನ್ನು ದಾಟಿ ೨೦ ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಹಿಂದಿರುಗಿದರು. ಹಿಮಕ್ಕೆ ಸಿಕ್ಕಿ ಬೆಳೆ ನಾಶವಾಗಿತ್ತು, ಕೂಲಿಗಳಿಗೆ ಕೆಲಸವಿರಲಿಲ್ಲ. ಹರಕು ಗುಡಾರದಲ್ಲಿ ತಾಯಿಯೊಬ್ಬರು ಮಕ್ಕಳೊಡನೆ ಕುಳಿತಿದ್ದರು.

ಲ್ಯಾಂಗ್ ಅವರು ಆ ಕುಟುಂಬದ ಹಲವು ಚಿತ್ರಗಳನ್ನು ಸ್ವಲ್ಪಸ್ವಲ್ಪವೇ ಹತ್ತಿರ ಸರಿಯುತ್ತ ತೆಗೆದರು. ದೂರದ ಚಿತ್ರದಲ್ಲಿ ಗುಡಾರ, ಪೆಟ್ಟಿಗೆ, ಸಾಮಾನು, ದೊಡ್ಡ ಮಗಳು ಎಲ್ಲವೂ ಇವೆ. ನೋಡುವವನ ಕಣ್ಣು ಯಾವುದರಲ್ಲಿಯೂ ನೆಲೆನಿಲ್ಲುವುದಿಲ್ಲ. ಕೊನೆಯ ಚಿತ್ರದಲ್ಲಿ ಗುಡಾರವೇ ಇಲ್ಲವೆನ್ನಬಹುದು. ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಯ ಎರಡು ಹೆಗಲಿಗೆ ಒರಗಿದ್ದಾರೆ, ಮಡಿಲಲ್ಲಿ ಹಸುಗೂಸು ಮಲಗಿದೆ. ಮಕ್ಕಳ ಮುಖ ಕಾಣದಿರುವುದರಿಂದ ನಮ್ಮ ದೃಷ್ಟಿಗೆ ಹೋಗಲು ಬೇರೆ ಎಡೆಯಿಲ್ಲ. ಅದು ತಾಯಿಯ ಮುಖಕ್ಕೆ, ಗಲ್ಲದ ಬಳಿಯ ಕೈಗೆ, ಎಲ್ಲೋ ದೂರದಲ್ಲಿ ನೆಟ್ಟ ಕಣ್ಣಿಗೆ ಬಂದು ನಿಲ್ಲುತ್ತದೆ. ಒಂದೊಂದು ಹೆಜ್ಜೆ ಮುಂದಿಟ್ಟಾಗಲೂ ಅವರು ಏನನ್ನೋ ಬಿಟ್ಟರು. ಬಿಟ್ಟಷ್ಟೂ ಹೇಳಬೇಕಾದುದು ಸ್ಪಷ್ಟವಾಯಿತು. ಸಂಯೋಜನೆ ಎಂದರೇನೆಂದು ಕೇಳುವ ವಿದ್ಯಾರ್ಥಿಯು ಈ ಚಿತ್ರಮಾಲೆಯನ್ನು ಸಾಲಾಗಿ ಇಟ್ಟುಕೊಂಡು ಒಂದು ದಿನವೆಲ್ಲ ನೋಡಬೇಕು. ಪತ್ರಿಕೆಯಲ್ಲಿ ಈ ಸುದ್ದಿ ಬಂದೊಡನೆ ಆ ಬೀಡಿಗೆ ಸರ್ಕಾರದ ಆಹಾರ ಧಾವಿಸಿತು.

ಕಥೆ ಇಲ್ಲಿಗೇ ನಿಂತಿದ್ದರೆ ಸುಖಾಂತವಾಗುತ್ತಿತ್ತು. ಆದರೆ ಲ್ಯಾಂಗ್ ಅವರು ಆ ತಾಯಿಯ ವಯಸ್ಸು ೩೨ ಎಂದು ತಿಳಿದುಕೊಂಡರೇ ಹೊರತು ಹೆಸರನ್ನು ಕೇಳಲಿಲ್ಲ. ಇದನ್ನು ಅವರೇ ಮುಂದೆ ಬರೆದಿದ್ದಾರೆ. ಆಹಾರ ಬರುವಷ್ಟರಲ್ಲಿ ಆ ಕುಟುಂಬ ಬೇರೆಡೆಗೆ ಹೊರಟುಹೋಗಿತ್ತು. ಹೊಟ್ಟೆಗಾಗಿ ಅವರು ಕಾರಿನ ಟಯರುಗಳನ್ನು ಮಾರಿದ್ದರೆಂಬ ವಿವರಣೆ ಚಿತ್ರದೊಡನೆ ಪ್ರಚಾರವಾಯಿತು. ಅದು ನಿಜವಲ್ಲವೆಂದು ಕುಟುಂಬದವರು ಅನಂತರ ಹೇಳಿದರು. ನಾಲ್ಕು ದಶಕಗಳು ಉರುಳಿದ ಮೇಲೆ, ೧೯೭೮ರಲ್ಲಿ, ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಚೆರೋಕೀ ಮೂಲದ ಮಹಿಳೆಯೆಂದು ಲೋಕಕ್ಕೆ ತಿಳಿಯಿತು. ತಮ್ಮ ಚಿತ್ರವನ್ನು ತೆಗೆಯದೆ ಇದ್ದಿದ್ದರೆ ಚೆನ್ನಾಗಿತ್ತೆಂದೂ, ಅದರಿಂದ ತಮಗೆ ಒಂದು ಕಾಸೂ ಬರಲಿಲ್ಲವೆಂದೂ ಅವರು ನೊಂದು ನುಡಿದರು. ಹತ್ತು ಮಕ್ಕಳನ್ನು ದುಡಿದು ಸಾಕಿದ ಆ ಸ್ವಾಭಿಮಾನಿಗೆ ದಾರಿದ್ರ್ಯದ ಸಂಕೇತವಾಗಿ ಉಳಿಯುವುದು ಹೇಗೆ ಹಿತವಾದೀತು? ೧೯೮೩ರಲ್ಲಿ ಅವರು ಕಾಯಿಲೆ ಬಿದ್ದಾಗ, ಆ ಚಿತ್ರವನ್ನು ಬಲ್ಲ ಜನ ೩೫,೦೦೦ ಡಾಲರುಗಳಿಗೂ ಮಿಕ್ಕಿ ಹಣ ಕಳುಹಿಸಿದರು. ಅದರೊಡನೆ ಬಂದ ಪತ್ರಗಳನ್ನು ಓದಿದ ಮಕ್ಕಳಿಗೆ ಆ ಚಿತ್ರದ ವಿಷಯದಲ್ಲಿದ್ದ ಕಹಿ ಬಹುಮಟ್ಟಿಗೆ ಕಳೆಯಿತು. ಅದೇ ವರುಷ ಆ ತಾಯಿ ತೀರಿಕೊಂಡರು.

ಇನ್ನೊಂದು ಸೂಕ್ಷ್ಮವಿದೆ. ಮೂಲಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ ಗುಡಾರದ ಗಳುವನ್ನು ಹಿಡಿದ ಹೆಬ್ಬೆರಳೊಂದು ಕಾಣುತ್ತಿತ್ತು. ಅದು ದೃಷ್ಟಿಯನ್ನು ಸೆಳೆಯುತ್ತದೆಂದು ಲ್ಯಾಂಗ್ ಅವರು ೧೯೩೯ರಲ್ಲಿ ಅದನ್ನು ತಿದ್ದಿ ಅಳಿಸುವಂತೆ ಮಾಡಿದರು. ಅವರ ಮೇಲಧಿಕಾರಿ ರಾಯ್ ಸ್ಟ್ರೈಕರ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಇದ್ದುದನ್ನು ಇದ್ದಂತೆ ಕಾಣುವುದೇ ಶ್ರೇಷ್ಠವೆಂಬರ್ಥದ ಬೇಕನ್ ಪಂಡಿತನ ಮಾತನ್ನು ತಮ್ಮ ಡಾರ್ಕ್‌ರೂಮಿನ ಬಾಗಿಲಿಗೆ ಅಂಟಿಸಿಕೊಂಡಿದ್ದವರೂ ಇದೇ ಲ್ಯಾಂಗ್. ಅಂದಕ್ಕೂ ಸತ್ಯಕ್ಕೂ ನಡುವೆ ಹೆಬ್ಬೆರಳಷ್ಟೇ ಅಂತರವಿರುವ ಎಡೆಗಳು ಈ ಕಲೆಯಲ್ಲಿ ಬಹಳ.

ಇದರಿಂದ ಲ್ಯಾಂಗ್ ಅವರ ಹಿರಿಮೆಗೆ ಕುಂದಿಲ್ಲ. ಅವರ ಆಶಯ ಪರಹಿತದ್ದೇ ಆಗಿತ್ತು, ಅದು ಫಲವನ್ನೂ ಕೊಟ್ಟಿತು. ಆದರೆ ಛಾಯಾಗ್ರಾಹಕನ ಆಶಯಕ್ಕೆ ಎರಡು ಮುಖಗಳುಂಟು. ನೋಡುವವನಿಗೆ ನಾನು ಏನು ಹೇಳಬೇಕು ಎಂಬುದೊಂದು. ನನ್ನೆದುರು ಕುಳಿತ ಜೀವಕ್ಕೆ ನಾನು ಏನನ್ನು ಸಲ್ಲಿಸಬೇಕು ಎಂಬುದಿನ್ನೊಂದು. ಮೊದಲನೆಯದನ್ನು ಶಾಲೆ ಕಲಿಸುತ್ತದೆ. ಎರಡನೆಯದು ಮನೆಯ ಸಂಸ್ಕಾರದಿಂದ ಬರಬೇಕು. ಚೌಕಟ್ಟಿನಿಂದ ಗುಡಾರವನ್ನು ಬಿಡಬಹುದು, ಪೆಟ್ಟಿಗೆಯನ್ನು ಬಿಡಬಹುದು. ಮನುಷ್ಯನ ಹೆಸರನ್ನೂ ಮಾನವನ್ನೂ ಬಿಡಲಾಗದು.

ನಮ್ಮ ನಾಡಿನಲ್ಲಿಯೂ ಇಂಥ ಹಾದಿಯಲ್ಲಿ ನಡೆದವರಿದ್ದಾರೆ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಜನಸಾಮಾನ್ಯರ ನಿತ್ಯಜೀವನವನ್ನೇ ವಸ್ತುವಾಗಿ ಆರಿಸಿಕೊಂಡರು. ಸಿಡುಬು ನಿರ್ಮೂಲನದ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದರು. ೧೯೭೭ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಚಿತ್ರಗಳ ಮಕ್ಕಳಲ್ಲಿ, ಮುದುಕರಲ್ಲಿ, ಬಡತನವಿದ್ದರೂ ದೈನ್ಯವಿಲ್ಲ.

ಈ ವಿದ್ಯೆಯನ್ನು ಕಲಿಯುತ್ತಿರುವ ಮಕ್ಕಳಿಗೆ ನಾಲ್ಕು ಮಾತು. ಗುಂಡಿ ಒತ್ತುವ ಮುನ್ನ, ಏನನ್ನು ತೋರಿಸಬೇಕೆಂದಿರುವಿರಿ ಎಂಬುದನ್ನು ಒಂದು ವಾಕ್ಯದಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳಿರಿ. ವಾಕ್ಯ ಮೂಡದಿದ್ದರೆ ತಾಳಿರಿ. ಒಂದೇ ವಸ್ತುವನ್ನು ಒಂದು ತಿಂಗಳು ಬಿಡದೆ ನೋಡಿರಿ: ಊರ ಬಾವಿಯಾಗಲಿ, ಕಮ್ಮಾರನ ಕುಲುಮೆಯಾಗಲಿ, ಬೆಳಗಿನಲ್ಲಿ ಅದು ಒಂದು, ಸಂಜೆಯಲ್ಲಿ ಇನ್ನೊಂದು. ತೆಗೆದ ಹತ್ತರಲ್ಲಿ ಒಂಬತ್ತನ್ನು ಏಕೆ ಬಿಟ್ಟಿರೆಂದು ಪುಸ್ತಕದಲ್ಲಿ ಬರೆದಿಡಿರಿ. ಆ ಬರಹವೇ ನಿಮ್ಮ ಗುರು. ಕಡೆಯದಾಗಿ, ಯಾರ ಚಿತ್ರ ತೆಗೆದಿರೋ ಅವರ ಹೆಸರನ್ನು ಕೇಳಿ ತಿಳಿಯಿರಿ, ಒಪ್ಪಿಗೆ ಪಡೆಯಿರಿ, ಪ್ರತಿಯೊಂದನ್ನು ಅವರ ಕೈಗೆ ತಲಪಿಸಿರಿ. ಜಾತ್ರೆಯ ಬೀದಿಯಲ್ಲಿ ಕುಳಿತ ಮುದುಕಿಯೂ ಯಾರದೋ ಮನೆಯ ತಾಯಿ.

ಹಿರಿಯರಲ್ಲಿಯೂ ಒಂದು ವಿನಂತಿ. ಮಗಳು ತೆಗೆದ ಚಿತ್ರವನ್ನು ತೋರಿಸಿದಾಗ "ಚೆನ್ನಾಗಿದೆ" ಎಂದಷ್ಟೇ ಹೇಳಿ ಮುಗಿಸಬೇಡಿರಿ. "ಇದನ್ನೇಕೆ ತೆಗೆದೆ ತಾಯಿ? ಇವರಾರು?" ಎಂದು ಕೇಳಿರಿ. ಮೊದಲನೆಯ ಪ್ರಶ್ನೆ ಅವಳ ಕಲೆಯನ್ನು ಬೆಳೆಸುತ್ತದೆ, ಎರಡನೆಯದು ಅವಳ ಮನಸ್ಸನ್ನು.