ಪುಕ್ಕಟೆ ವೆಬ್‌ಸೈಟು, ಇಸ್ಪೀಟಾಟ ಮತ್ತು ನಾನು

"ನಮ್ಮೂರಿಗೊಂದು ವೆಬ್‌ಸೈಟ್ ಮಾಡಿಕೊಡ್ತಿದೀನಿ, ಪುಕ್ಕಟೆ!" ಅಂತ ಯಾರಾದರೂ ಇಂಜಿನಿಯರ್ ಹುಡುಗ ಎದೆಯುಬ್ಬಿಸಿ ಹೇಳಿದರೆ ನನಗೀಗ ಖುಷಿಗಿಂತ ಭಯವೇ ಜಾಸ್ತಿ. ಯಾಕಂದ್ರೆ ಒಂದು ಕಾಲಕ್ಕೆ ನಾನೂ ಅಂಥ ಹುಡುಗನೇ.

2018ರಲ್ಲಿ ಇನ್ನೂ ಓದುತ್ತಿದ್ದಾಗ ತುಮಕೂರು ಜಿಲ್ಲೆಯ ನಮ್ಮೂರ ವಾಚನಾಲಯಕ್ಕೆ ಒಂದು ವೆಬ್‌ಸೈಟ್ ಕಟ್ಟಿದೆ. ಕಾರ್ಯದರ್ಶಿಗಳು ನಿವೃತ್ತ ಮೇಷ್ಟ್ರು. ಸುತ್ತಲಿನ ಕೆರೆಗಳ ಹೆಸರು, ಯಾವ ತೂಬಿನ ನೀರು ಯಾರ ಗದ್ದೆಗೆ, ಯಾವ ವರ್ಷ ಕೋಡಿ ಬಿತ್ತು... ಹೀಗೆ 40 ಪುಟ ಬರೆದು, ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿ ಕೊಟ್ಟರು. ನಾನು ಮೂರು ವಾರ ಕಳೆದದ್ದು ಮುಖಪುಟದಲ್ಲಿ ಜಾರುವ ಚಿತ್ರಗಳಿಗೆ. ಮೇಷ್ಟ್ರ ಬರಹವನ್ನು ಒಂದೇ ಸಂಜೆಯಲ್ಲಿ ಪುಟಪುಟದ ಚಿತ್ರ ಮಾಡಿ ಅಂಟಿಸಿ ಕೈ ತೊಳೆದುಕೊಂಡೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಹಳೇ ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೂ ನನಗೆ ಸೋಮಾರಿತನ. ಚಿತ್ರದೊಳಗಿನ ಕೆರೆಯ ಹೆಸರು ಗೂಗಲ್‌ಗೆ ಎಲ್ಲಿ ಸಿಗಬೇಕು?

ಡೊಮೇನ್ ನನ್ನ ಹೆಸರಲ್ಲಿ, ಪಾಸ್‌ವರ್ಡ್ ನನ್ನ ತಲೆಯಲ್ಲಿ, ಈಮೇಲ್ ಕಾಲೇಜಿನದು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ, ಆ ಈಮೇಲ್ ಮುಚ್ಚಿತು. ಡಾಟ್ ಕಾಮ್ ಹೆಸರು ಅವಧಿ ಮುಗಿದು ಅಳಿಸಿಹೋದರೂ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಅದೂ ದಾಟಿಹೋಯಿತು. 2022ರಲ್ಲಿ ಮೇಷ್ಟ್ರ ಫೋನು: "ಏನಪ್ಪಾ, ನಮ್ಮ ವಾಚನಾಲಯ ಅಂತ ಒತ್ತಿದ್ರೆ ಇಸ್ಪೀಟಾಟ ಬರುತ್ತಲ್ಲೋ!"

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಡಿಟಿಪಿ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು, ಕಾಗದಕ್ಕೆ ಗೆದ್ದಲು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಸಿಕ್ಕಿದ್ದು ಮುಖಪುಟ ಮಾತ್ರ, ಜಾರುವ ಚಿತ್ರಗಳ ಸಮೇತ :) ಈಗ ಭಾನುವಾರ ಭಾನುವಾರ ಮೇಷ್ಟ್ರು ಫೋನಲ್ಲಿ ಹೇಳುತ್ತಾರೆ, ನಾನು ಟೈಪಿಸುತ್ತೇನೆ. ಎರಡು ಕೆರೆಗಳ ಹೆಸರು ಅವರಿಗೇ ನೆನಪಾಗುತ್ತಿಲ್ಲ.

ಇದನ್ನು ಹೇಳಿದಾಗಲೆಲ್ಲ ಗೆಳೆಯರದು ಒಂದೇ ಮಾತು: "ದುಡ್ಡು ತಗೊಂಡಿದ್ಯೇನೋ? ಸೇವೆ ತಾನೇ?" ನನಗೆ ಮೈಯುರಿಯುವುದು ಇಲ್ಲೇ. ದುಡ್ಡು ತಗೊಂಡಿದ್ದರೆ ಮೇಷ್ಟ್ರು ಕೊರಳಪಟ್ಟಿ ಹಿಡಿದು ಕೇಳುತ್ತಿದ್ದರು. ಪುಕ್ಕಟೆ ಅಂದು ಅವರ ಬಾಯಿ ಕಟ್ಟಿದ್ದು ನಾನು. ಇನ್ನು ಕೆಲವರು "ಫೇಸ್‌ಬುಕ್ ಪುಟ ಸಾಕು ಬಿಡು" ಅನ್ನುತ್ತಾರೆ. 2014ರಲ್ಲಿ ಆರ್ಕುಟ್ ಮುಚ್ಚಿದಾಗ ಅದನ್ನೇ ನಂಬಿದ್ದ ಊರಿನ ಗುಂಪುಗಳು ಏನಾದವು ಅಂತ ಅವರನ್ನೇ ಕೇಳಬೇಕು.

ಹಾಗಂತ ವೃತ್ತಿಪರರೇ ಕಟ್ಟಲಿ ಅಂತ ನಾನು ಹೇಳುತ್ತಿಲ್ಲ. ವಾಚನಾಲಯಕ್ಕೆ ಬೇಕಿರುವುದು ನಾಲ್ಕು ಸಾದಾ ಎಚ್‌ಟಿಎಂಎಲ್ ಪುಟ, ಅದನ್ನು ಹವ್ಯಾಸಿ ಹುಡುಗರೂ ಮಾಡಬಲ್ಲರು. ಆದರೆ ಡೊಮೇನ್ ಸಂಘದ ಹೆಸರಲ್ಲಿರಲಿ, ನವೀಕರಣದ ತಾರೀಖು ನಡಾವಳಿ ಪುಸ್ತಕದಲ್ಲಿರಲಿ, ಪಾಸ್‌ವರ್ಡ್ ಬರೆದ ಲಕೋಟೆ ಮತ್ತು ಇಡೀ ಸೈಟಿನ ಒಂದು ಪ್ರತಿ ಅವರದೇ ಬೀರುವಿನಲ್ಲಿರಲಿ. ಇಷ್ಟು ಮಾಡಲು ಮನಸ್ಸಿಲ್ಲದವರು ದಯವಿಟ್ಟು ಊರಿನ ತಂಟೆಗೆ ಹೋಗಬೇಡಿ. ಜಾರುವ ಚಿತ್ರಗಳನ್ನು ನಿಮ್ಮ ಸ್ವಂತ ಸೈಟಿನಲ್ಲೇ ಜಾರಿಸಿಕೊಳ್ಳಿ.

ಅಂದಹಾಗೆ, ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನವರೇ. ಕಾಲೇಜಲ್ಲಿದ್ದಾಗ ನೀವೂ ಯಾವುದೋ ದೇವಸ್ಥಾನಕ್ಕೋ ಶಾಲೆಗೋ ಒಂದು ಕಟ್ಟಿಕೊಟ್ಟಿದ್ರಲ್ಲ? ಈಗಲೇ ಒಮ್ಮೆ ತೆಗೆದು ನೋಡಿ, ಅಲ್ಲಿ ಏನು ಬರ್ತಿದೆ ಅಂತ.